ಜಂಗು ಹತ್ತಿದ ಕಣಕಿ ಯಂತ್ರ

ಜತ್ತ ತಾಲೂಕಿನ ಮೂಡಲ ಹಳ್ಳಿಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿಯುವುದು ಮಾಘ ಫಾಲ್ಗುಣಗಳ ಹೊತ್ತಿಗೆ. ಕಾಳು ಚೀಲ ಸೇರಿ ಮನೆಗೆ ಬರುತ್ತದೆ. ಕಣಕಿ ಬಣವೆಯಾಗಿ ಹಿತ್ತಲಲ್ಲಿ ನಿಲ್ಲುತ್ತದೆ. ನೀರಾವರಿ ಸೀಮೆಯವರು ಕಾಳಿನ ಲೆಕ್ಕ ಕೇಳುತ್ತಾರೆ, ನಮ್ಮಲ್ಲಿ ಬೀಗರು ಎದುರಾದಾಗ ಮೊದಲು ಕೇಳುವ ಮಾತು "ಕಣಕಿ ಎಷ್ಟಾತ್ರಿ?" ಎಂಬುದು. ಮನುಷ್ಯರಿಗೆ ಕಾಳನ್ನು ಅಂಗಡಿಯಿಂದ ತರಬಹುದು, ಪಡಿತರದಲ್ಲಿ ಪಡೆಯಬಹುದು; ಎತ್ತಿಗೆ ಪಡಿತರ ಚೀಟಿಯಿಲ್ಲ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ 35-1 ಎಂಬ ತಳಿ ಇಷ್ಟು ದಶಕಗಳಾದರೂ ನಮ್ಮ ಎರೆ ನೆಲವನ್ನು ಬಿಟ್ಟು ಹೋಗಿಲ್ಲ. ಅದಕ್ಕೆ ಅದರ ದುಂಡು ಕಾಳು ಎಷ್ಟು ಕಾರಣವೋ ದನಗಳು ಮೆಚ್ಚುವ ಅದರ ದಂಟೂ ಅಷ್ಟೇ ಕಾರಣ.

ಆದರೆ ಇಡಿಯಾಗಿ ಹಾಕಿದ ದಂಟನ್ನು ದನ ಇಡಿಯಾಗಿ ತಿನ್ನುವುದಿಲ್ಲ. ಎಲೆಯನ್ನು ಸೆಳೆದುಕೊಳ್ಳುತ್ತದೆ, ತುದಿಯನ್ನು ಅಗಿಯುತ್ತದೆ, ಬುಡದ ಗಟ್ಟಿ ಭಾಗವನ್ನು ಗ್ವಾದಲಿಯಲ್ಲಿ ಬಿಟ್ಟು ತುಳಿಯುತ್ತದೆ. ಅದೇ ದಂಟನ್ನು ಒಂದಂಗುಲದ ತುಂಡುಗಳಾಗಿ ಕತ್ತರಿಸಿ ಹಾಕಿದರೆ ಗ್ವಾದಲಿ ಬರಿದಾಗುತ್ತದೆ. ಒಳ್ಳೆಯ ವರ್ಷದಲ್ಲಿ ಇದು ಬರಿಯ ಉಳಿತಾಯದ ಮಾತು. ಬರಗಾಲದಲ್ಲಿ ಇದು ಎತ್ತು ಉಳಿಯುವುದೋ ಸಂತೆಗೆ ಹೋಗುವುದೋ ಎಂಬ ಮಾತು. ಈ ಕತ್ತರಿಸುವ ಯಂತ್ರಕ್ಕೆ ನಮ್ಮ ಮನೆಯಲ್ಲಿ ಕಣಕಿ ಯಂತ್ರ ಎನ್ನುತ್ತೇವೆ. ಓಣಿಯ ಮರಾಠಿ ಮನೆಗಳಲ್ಲಿ ಕಡಬಾ ಕುಟ್ಟಿ ಎನ್ನುತ್ತಾರೆ. ಎರಡು ಮಾತೂ ಎಲ್ಲರಿಗೂ ತಿಳಿಯುತ್ತವೆ.

ಸಂಘದ ಸಂಚಿಕೆಗಳಲ್ಲಿ ಶಾಸನಗಳ ಕುರಿತು, ಮಠಗಳ ಕುರಿತು, ಗಡಿನಾಡಿನ ಶಾಲೆಗಳ ಕುರಿತು ಬಲ್ಲವರು ಬರೆಯುತ್ತ ಬಂದಿದ್ದಾರೆ. ನಮ್ಮ ಹಿತ್ತಲಲ್ಲಿ ಶಾಸನವಿಲ್ಲ. ಇದ್ದದ್ದು ಈ ಯಂತ್ರವೊಂದೇ. ಅದರ ಗಾಲಿಯ ಅಂಚಿನ ಮೇಲೆ ಅಕ್ಷರಗಳಿದ್ದವೆಂಬುದನ್ನು ಬೆರಳು ಬಲ್ಲುದು, ಕಣ್ಣು ಓದಲಾರದು. ಯಾವ ಕಾರ್ಖಾನೆಯದೆಂದು ಹೇಳುವಂತಿಲ್ಲ. ಆದರೂ ಇಂಥ ಯಂತ್ರಗಳ ಹುಟ್ಟು ನಮಗೆ ದೂರದ್ದಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಅಲ್ಲಿಂದ ಮುಂದೆ ಅವರು ಮೊದಲಿಗೆ ತಯಾರಿಸಿದ ವಸ್ತು ಮೇವು ಕತ್ತರಿಸುವ ಯಂತ್ರವೇ, ಆ ಬಳಿಕ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನೇಗಿಲನ್ನು ಕೊಳ್ಳಲು ಹೆದರಿದರೆಂಬ ಕಥೆ ಇಂದಿಗೂ ಹೇಳಲ್ಪಡುತ್ತದೆ. ಬೆಳಗಾವಿಯಲ್ಲಿ ಜಾಗ ತಪ್ಪಿದಾಗ ಅವರು 1910ರಲ್ಲಿ ಔಂಧ ಸಂಸ್ಥಾನದ ಕುಂಡಲ ರೋಡ ನಿಲ್ದಾಣದ ಬಳಿಯ ಬರಡು ನೆಲಕ್ಕೆ ಬಂದರು. ಅದೇ ಇಂದಿನ ಕಿರ್ಲೋಸ್ಕರವಾಡಿ, ನಮ್ಮದೇ ಸಾಂಗಲಿ ಜಿಲ್ಲೆಯಲ್ಲಿದೆ. ಆಗ ಈ ನಡುವೆ ರಾಜ್ಯಗಳ ಗೆರೆ ಇರಲಿಲ್ಲ, ಸಂಸ್ಥಾನಗಳ ಗೆರೆಗಳಿದ್ದವು. ಕಬ್ಬಿಣ ಅವನ್ನು ದಾಟಿ ಓಡಾಡುತ್ತಿತ್ತು.

ಯಂತ್ರದ ರಚನೆ ಸರಳವಾದುದು. ಮನುಷ್ಯನ ಎದೆಯೆತ್ತರದ ಬೀಡಿನ ಗಾಲಿ. ಅದರ ಎರಡು ಅರೆಗಳಿಗೆ ಬಾಗಿದ ಎರಡು ಅಲಗುಗಳನ್ನು ಬೋಲ್ಟು ಹಾಕಿ ಕೂಡಿಸಿದ್ದಾರೆ. ಗಾಲಿಯ ಅಚ್ಚಿನ ಮೇಲೆ ತಿರುಪಿನಂಥ ಸುರುಳಿ ಹಲ್ಲು. ಅದು ತಿರುಗಿದಂತೆ ಹಲ್ಲುಗಾಲಿಗಳು ತಿರುಗುತ್ತವೆ, ಅವುಗಳಿಗೆ ಸೇರಿದ ಮುಳ್ಳುಮುಳ್ಳಾದ ಎರಡು ಉರುಳೆಗಳು ಕಣಕಿಯನ್ನು ಕಚ್ಚಿ ಬಾಯಿಗೆ ತಳ್ಳುತ್ತವೆ. ಬಾಯಿಯ ಅಂಚಿಗೆ ಉಕ್ಕಿನ ಪಟ್ಟಿ. ಗಾಲಿಯ ಅಲಗು ಆ ಪಟ್ಟಿಯನ್ನು ಸವರಿಕೊಂಡು ಹೋಗುವಾಗ ದಂಟು ತುಂಡಾಗುತ್ತದೆ. ಹಿಂದೆ ಕಣಕಿ ಇಡಲು ಕಟ್ಟಿಗೆಯ ದೋಣಿ. ಒಬ್ಬರು ಗಾಲಿ ತಿರುಗಿಸಬೇಕು, ಒಬ್ಬರು ಪೆಂಡಿ ಬಿಚ್ಚಿ ಒಳಗೆ ಕೊಡಬೇಕು. ಗಾಲಿಯ ಭಾರವೇ ಇದರ ಬಲ. ಒಮ್ಮೆ ವೇಗಕ್ಕೆ ಬಂದಿತೆಂದರೆ ತಿರುಗಿಸುವವನು ಕೈ ಬಿಟ್ಟರೂ ಮೂರು ನಾಲ್ಕು ಸುತ್ತು ತಾನೇ ತಿರುಗುತ್ತದೆ. ಇದರ ಅಪಾಯವೂ ಅದೇ.

1987ರ ಬರದಲ್ಲಿ ನಮ್ಮ ಮನೆಯಲ್ಲಿ ಒಂದು ಜೋಡು ಕಿಲಾರಿ ಎತ್ತು, ಒಂದು ಎಮ್ಮೆ, ಎರಡು ಕರು ಇದ್ದವು. ಬಣವೆ ಚಿಕ್ಕದಾಗಿತ್ತು. ಬುಡದ ದಂಟನ್ನೂ ಬಿಡದೆ ಕತ್ತರಿಸಿ ಅಳೆದು ಹಾಕುತ್ತಿದ್ದ ಕಾಲ. ಹಗಲು ಅಪ್ಪ ಅವ್ವ ಇಬ್ಬರೂ ದುಷ್ಕಾಳಿ ಕೆಲಸಕ್ಕೆ ಹೋಗುತ್ತಿದ್ದರು; ಕಣಕಿ ಕತ್ತರಿಸುವುದು ರಾತ್ರಿ, ಕಂದೀಲಿನ ಬೆಳಕಿನಲ್ಲಿ. ಗಾಲಿ ಅಪ್ಪನದು, ದೋಣಿ ಅವ್ವನದು. ಒಂದು ರಾತ್ರಿ ಉರುಳೆಗಳು ಕಣಕಿಯೊಂದಿಗೆ ಅವ್ವನ ಬಲಗೈಯನ್ನೂ ಕಚ್ಚಿದವು. ಅಪ್ಪ ಗಾಲಿಗೆ ಎದೆಕೊಟ್ಟು ನಿಲ್ಲಿಸುವ ಹೊತ್ತಿಗೆ ಎರಡು ಬೆರಳು ಹೋಗಿದ್ದವು. ಮಿರಜಿಗೆ ಕರೆದೊಯ್ದರು, ಕೈ ಉಳಿಯಿತು. ಅವ್ವ ಆ ಕೈಯಿಂದಲೇ ಮುಂದೆ ಮೂವತ್ತು ವರ್ಷ ರೊಟ್ಟಿ ಬಡಿದಿದ್ದಾಳೆ. ಮನೆಗೆ ಬಂದವರು ರೊಟ್ಟಿಯ ದುಂಡನ್ನು ಹೊಗಳುವರೇ ಹೊರತು ಕೈಯನ್ನು ಗಮನಿಸುವುದಿಲ್ಲ. ಯಂತ್ರ ಮಾತ್ರ ಮರುವಾರದಿಂದ ನಿಂತಿತು. ಜಂಗು ಹತ್ತಿ ಹಿಡಿದುಕೊಂಡಿದೆ ಎಂದು ಅಪ್ಪ ಕೇಳಿದವರಿಗೆ ಹೇಳುತ್ತಿದ್ದರು. ಅದರ ಮೇಲೆ ಹಗ್ಗ, ನೊಗ, ಹರಿದ ತಾಡಪತ್ರಿ ಬಂದು ಕೂತವು. ನಮ್ಮ ಬಾಲ್ಯದುದ್ದಕ್ಕೂ ಅದು ಕೋಳಿ ಏರಿ ಕೂಡುವ ಜಾಗವಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ದನದ ಮನೆಯನ್ನು ಕೆಡವಿ ಕಟ್ಟಬೇಕಾಯಿತು. ಗುಜರಿಯವನು ಬಂದು ಗಾಲಿಯ ಸುತ್ತ ಎರಡು ಸುತ್ತು ಹಾಕಿ, ದೊಡ್ಡ ಸುತ್ತಿಗೆಯಿಂದ ಒಡೆದು ತುಂಡು ಮಾಡಿ ತೂಗಿ ಒಯ್ಯುವುದಾಗಿ ಹೇಳಿದ. ಬೀಡು ಒಡೆಯುವುದು ಸುಲಭ. ನಮ್ಮಲ್ಲಿ ಕಿರಿಯವನು ಕೊಟ್ಟುಬಿಡೋಣವೆಂದ. ಎರಡು ಎಚ್‌ಪಿ ಮೋಟರಿನ ಹೊಸ ಯಂತ್ರ ತರುವ ಆಲೋಚನೆ ಅವನದು, ಅದು ತಪ್ಪು ಆಲೋಚನೆಯೂ ಅಲ್ಲ. ಹಿರಿಯವನು ಬಿಚ್ಚಿ ನೋಡೋಣವೆಂದ. ಅವ್ವನನ್ನು ಕೇಳಿದೆವು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಅಕ್ಕಿ ಆರಿಸುತ್ತಿದ್ದಳು. ಕಡೆಗೆ ಒಡೆಯಲು ಬಿಡಬಾರದು, ಮಾರುವುದಾದರೂ ಬಿಚ್ಚಿಯೇ ಮಾರೋಣ ಎಂಬಲ್ಲಿಗೆ ಮೂವರೂ ಒಪ್ಪಿದೆವು. ಆ ಬೇಸಿಗೆಯ ರಜೆಯ ಹದಿನೆಂಟು ದಿನ ಈ ಕೆಲಸಕ್ಕೆ ಹೋಯಿತು.

ತುಕ್ಕಿನ ಸ್ವಭಾವವನ್ನು ಅರಿಯದೆ ಅದರೊಂದಿಗೆ ಕೆಲಸ ಮಾಡಲಾಗದು. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ; ಮೊದಲಿದ್ದ ಲೋಹಕ್ಕಿಂತ ತುಕ್ಕು ಎರಡು ಪಟ್ಟಿಗೂ ಹೆಚ್ಚಿನ ಜಾಗ ಬೇಡುತ್ತದೆ. ಬಯಲಲ್ಲಿದ್ದರೆ ಪದರ ಪದರವಾಗಿ ಉದುರಿಹೋಗುತ್ತದೆ. ಆದರೆ ನಟ್ಟು ಬೋಲ್ಟುಗಳ ಆಟೆಗಳ ನಡುವೆ ಅದಕ್ಕೆ ಉದುರಲು ಎಡೆಯಿಲ್ಲ. ಅಲ್ಲೇ ಉಬ್ಬಿ ಎರಡನ್ನೂ ಬಿಗಿಯುತ್ತದೆ. ಹಾಗಾಗಿ ಮೂವತ್ತು ವರ್ಷ ನಿಂತ ಯಂತ್ರದ ನಟ್ಟಿಗೆ ಉದ್ದನೆಯ ಪಾನಾ ಹಾಕಿ, ಅದಕ್ಕೆ ಪೈಪು ತೊಡಿಸಿ ಜೋತುಬಿದ್ದರೆ ತಿರುಗುವುದು ನಟ್ಟಲ್ಲ, ಮುರಿಯುವುದು ಬೋಲ್ಟು. ಊರಿನ ಕಂಬಾರ ಕಾಕಾ, ಈಗ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂಡುವವರು, ಮೊದಲ ದಿನವೇ ಬಂದು ಪೈಪನ್ನು ನಮ್ಮ ಕೈಯಿಂದ ತೆಗೆದಿಟ್ಟರು.

"ಜಂಗಿನ ಕೂಡ ಜಗಳಾ ತಗೀಬ್ಯಾಡ್ರೋ ತಮ್ಮಾ. ಎಣ್ಣಿ ಕುಡಸ್ರಿ, ಹೋಗಿ ಮಲಗ್ರಿ. ನಾಳಿ ಮತ್ತ ಕುಡಸ್ರಿ."

ಕುಡಿಸಿದ್ದು ಸೀಮೆಎಣ್ಣೆಯೂ ಡೀಸೆಲ್ಲೂ ಸ್ವಲ್ಪ ಇಂಜಿನ್ ಎಣ್ಣೆಯೂ ಬೆರೆಸಿದ ದ್ರವ. ಬರಿಯ ದಪ್ಪ ಎಣ್ಣೆ ಸಂದಿಯೊಳಗೆ ಇಳಿಯುವುದಿಲ್ಲ. ತೆಳ್ಳಗಿನದು ಇಳಿಯುತ್ತದೆ, ಆದರೆ ಆರಿಹೋಗುತ್ತದೆ. ಎರಡೂ ಕೂಡಿದರೆ ತೆಳ್ಳಗಿನದು ಹಾದಿ ಮಾಡಿ ದಪ್ಪದ್ದನ್ನು ಒಳಗೆ ಕರೆದೊಯ್ಯುತ್ತದೆ. ಮೊದಲು ತಂತಿಬ್ರಶ್ಶಿನಿಂದ ಹೊರಗೆ ಕಾಣುವ ಆಟೆಗಳನ್ನು ಉಜ್ಜಿ ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಎಣ್ಣೆ ಹೊರಗಿನ ಹಕ್ಕಳೆಯನ್ನೇ ನೆನೆಸುತ್ತ ಕೂಡುತ್ತದೆ. ಬೆಳಗ್ಗೆ ಸಂಜೆ ಎರಡು ಹೊತ್ತು ಹಾಕಿ, ಪ್ರತಿ ಸಲ ನಟ್ಟಿನ ಆರು ಮಗ್ಗುಲಿಗೂ ಚಿಕ್ಕ ಸುತ್ತಿಗೆಯಿಂದ ಲಘುವಾಗಿ ತಟ್ಟುತ್ತಿದ್ದೆವು. ಒಂದು ಕಡೆ ತಟ್ಟುವಾಗ ಎದುರು ಕಡೆ ಇನ್ನೊಂದು ಭಾರದ ಸುತ್ತಿಗೆಯನ್ನು ಒತ್ತು ಕೊಟ್ಟು ಹಿಡಿಯುವುದು. ಏಟು ನಟ್ಟಿಗೆ ತಾಗಬೇಕು, ಬೀಡಿಗೆ ತಾಗಬಾರದು. ಬೀಡು ಭಾರ ಹೊರುತ್ತದೆ, ಏಟು ತಾಳುವುದಿಲ್ಲ.

ಐದನೆಯ ದಿನ ಅಲಗಿನ ಬೋಲ್ಟುಗಳಿಗೆ ಕೈ ಹಚ್ಚಿದೆವು. ಅಲಗುಗಳನ್ನು ಮೊದಲು ತೆಗೆಯಬೇಕು. ಎಷ್ಟು ಜಂಗು ತಿಂದರೂ ಅಲಗಿನ ಅಂಚು ಮರೆಯುವುದಿಲ್ಲ. ಅದಕ್ಕೂ ಮೊದಲು ಗಾಲಿಯನ್ನು ಹಗ್ಗದಿಂದ ಚೌಕಟ್ಟಿಗೆ ಬಿಗಿದೆವು, ಬಿಚ್ಚುವಾಗ ಅದು ಎಲ್ಲಿ ಸಡಿಲಾಗಿ ತಿರುಗಿತೋ ಎಂದು. ಕಂಬಾರ ಕಾಕಾ ಕಲಿಸಿದ ಇನ್ನೊಂದು ಉಪಾಯ, ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿಯುವುದು. ಬಿಗಿದಾಗ ಒಳಗಿನ ತುಕ್ಕಿನ ಹಿಡಿ ಒಡೆಯುತ್ತದೆ. ಆ ಬಳಿಕ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ, ಎಣ್ಣೆ, ಮತ್ತೆ ಕಾಲು ಹಿಂದೆ. ಒಡೆದ ತುಕ್ಕಿನ ಪುಡಿ ಹೊರಬರಲು ಹೀಗೆ ಹಿಂದೆ ಮುಂದೆ ಆಡಿಸಲೇಬೇಕು. ಒಂದೇ ದಿಕ್ಕಿಗೆ ಎಳೆದರೆ ಆ ಪುಡಿಯೇ ಆಟೆಗಳಲ್ಲಿ ಸಿಕ್ಕಿ ಮತ್ತೆ ಹಿಡಿಯುತ್ತದೆ. ಆರು ಬೋಲ್ಟುಗಳಲ್ಲಿ ಐದು ಹೀಗೆ ಬಂದವು. ಆರನೆಯದು ಒಳಗೆ ಸಣ್ಣಗಾಗಿ ಸವೆದಿತ್ತು, ತಲೆ ಕಿತ್ತುಬಂತು. ವೆಲ್ಡಿಂಗಿನ ಹುಡುಗ ಉಳಿದ ಮೋಟಿನ ಮೇಲೆ ಹೊಸ ನಟ್ಟೊಂದನ್ನು ಬೆಸೆದ; ಬೆಸುಗೆಯ ಕಾವಿಗೇ ಮೋಟು ಸಡಿಲಾಗಿ, ಪಾನಾ ಹಾಕಿದೊಡನೆ ತಿರುಗಿತು. ನೋಡುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಹಳ್ಳಿಯಲ್ಲಿ ಇಂಥ ಕೆಲಸಕ್ಕೆ ಪ್ರೇಕ್ಷಕರಿಗೆ ಬರವಿಲ್ಲ.

ಈ ಹುಡುಗರ ಮಾತನ್ನು ಕೇಳುತ್ತ ನಮಗೆ ಒಂದು ಸಂಗತಿ ಹೊಳೆಯಿತು. ಗಾಲಿಯನ್ನು ಅವರು ಚಾಕ ಎನ್ನುತ್ತಾರೆ, ಅಲಗನ್ನು ಪಾತೆ ಎನ್ನುತ್ತಾರೆ, ಜಂಗನ್ನು ಗಂಜ ಎನ್ನುತ್ತಾರೆ; ಎಲ್ಲವೂ ಶಾಲೆಯ ಮರಾಠಿಯಿಂದ ಬಂದವು. ಕಂಬಾರ ಕಾಕಾ ಅರೆ, ಅಚ್ಚು, ಕೀಲು, ಬೆಣೆ ಎನ್ನುತ್ತಾರೆ. ಬಂಡಿಯ ಮಾತುಗಳನ್ನೇ ಯಂತ್ರಕ್ಕೂ ಹಚ್ಚಿದ್ದಾರೆ. ಬಂಡಿ ಹೋದ ಮೇಲೆ ಈ ಮಾತುಗಳಿಗೆ ಊರಿನಲ್ಲಿ ಉಳಿದ ನೆಲೆ ಈ ಯಂತ್ರವೊಂದೇ. ಅವ್ವನಂತೂ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂದು ಬೇರೆ ಬೇರೆಯಾಗಿಯೇ ಹೇಳುತ್ತಾಳೆ. ನಾವು ಮೂವರೂ ಮರಾಠಿ ಮಾಧ್ಯಮದಲ್ಲಿ ಓದಿದವರು, ಈ ಲೇಖನದ ಕನ್ನಡವನ್ನು ದೊಡ್ಡವರಾದ ಮೇಲೆ ಸಂಘದ ಗ್ರಂಥಾಲಯದಲ್ಲಿ ಕಲಿತವರು. ಆ ಹದಿನೆಂಟು ದಿನ ನಮ್ಮ ಮಕ್ಕಳು ಪಾನಾ ಕೊಡು, ಬೆಣೆ ಕೊಡು, ಒತ್ತು ಹಿಡಿ ಎಂಬ ಕರೆಗಳಿಗೆ ಓಡಾಡಿದರು. ಪುಸ್ತಕ ಮುಟ್ಟದೆ ಅಷ್ಟು ಕನ್ನಡ ಅವರ ಬಾಯಿಗೆ ಬಂತು.

ಎಲ್ಲಕ್ಕಿಂತ ಕಠಿಣವಾದದ್ದು ಗಾಲಿಯನ್ನು ಅಚ್ಚಿನಿಂದ ಬಿಡಿಸುವ ಕೆಲಸ. ಗಾಲಿಗೂ ಅಚ್ಚಿಗೂ ನಡುವೆ ಕೊರೆದ ಕಾಲುವೆಯೊಂದರಲ್ಲಿ ಉಕ್ಕಿನ ಕೀಲನ್ನು ಬಡಿದು ಕೂಡಿಸಿರುತ್ತಾರೆ. ಪೇಟೆಯ ಮೇಸ್ತ್ರಿಗಳು ಅದನ್ನು ಚಾವಿ ಎನ್ನುತ್ತಾರೆ. ನಮ್ಮ ಯಂತ್ರದ ಕೀಲಿಗೆ ಹೊರಗೆ ತಲೆಯಿತ್ತು, ಅದೊಂದು ಪುಣ್ಯ. ತಲೆಗೂ ಗಾಲಿಯ ಗುಂಬಕ್ಕೂ ನಡುವಿನ ಸಂದಿಯಲ್ಲಿ ಎರಡು ಕಡೆಯಿಂದ ಎರಡು ಉಕ್ಕಿನ ಬೆಣೆಗಳನ್ನು ಇಟ್ಟು, ಒಂದಕ್ಕೆ ಒಂದೇಟು, ಇನ್ನೊಂದಕ್ಕೆ ಒಂದೇಟು ಎಂದು ಸಮವಾಗಿ ಬಡಿಯಬೇಕು. ಎರಡು ದಿನ ಬಡಿದರೂ ಅದು ಅಲುಗಲಿಲ್ಲ. ಆಗ ಕಾಸುವುದೆಂದಾಯಿತು.

ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಹಿಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ನಗು ಬರುತ್ತದೆ. ಬೀಡು ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. 40 ಮಿಲಿಮೀಟರಿನ ರಂಧ್ರವಿರುವ ಗುಂಬವನ್ನು 200 ಡಿಗ್ರಿ ಹೆಚ್ಚು ಕಾಸಿದರೆ ರಂಧ್ರ ದೊಡ್ಡದಾಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟೇ ಸಾಕು. ಷರತ್ತೊಂದೇ: ಗುಂಬ ಕಾಯಬೇಕು, ಅಚ್ಚು ಕಾಯಬಾರದು, ಎರಡೂ ಒಂದೇ ಸಮನೆ ಕಾದರೆ ಎರಡೂ ಹಿಗ್ಗುತ್ತವೆ, ಹಿಡಿತ ಹಾಗೇ ಉಳಿಯುತ್ತದೆ. ಆದ್ದರಿಂದ ಅಚ್ಚಿನ ತುದಿಗೆ ಒದ್ದೆ ಅರಿವೆ ಸುತ್ತಿ, ಗುಂಬದ ಸುತ್ತಲೂ ಬೆಂಕಿಯ ನಾಲಗೆಯನ್ನು ಒಂದೆಡೆ ನಿಲ್ಲಿಸದೆ ತಿರುಗಿಸುತ್ತ ನಿಧಾನವಾಗಿ ಕಾಸಬೇಕು. ಹಾಗೆಂದು ಕಾದ ಬೀಡಿನ ಮೇಲೆ ನೀರು ಬೀಳಬಾರದು, ಬಿದ್ದರೆ ಸೀಳುತ್ತದೆ. ವಾರಗಟ್ಟಲೆ ಸೀಮೆಎಣ್ಣೆ ಕುಡಿದ ವಸ್ತುವಿಗೆ ಬೆಂಕಿ ತೋರಿಸುವಾಗ ಬಣವೆಯಿಂದ ದೂರ ಬಯಲಲ್ಲಿರಬೇಕು, ಕೈಗೆಟಕುವಲ್ಲಿ ಮರಳಿನ ಬುಟ್ಟಿ ಇರಬೇಕು. ನಾವು ಯಂತ್ರವನ್ನು ಎಂಟು ಜನ ಹಿಡಿದು ಅಂಗಳದ ನಡುವೆ ತಂದದ್ದು ಇದಕ್ಕಾಗಿಯೇ.

ಮೂರು ಸಲ ಕಾಸಿ ಮೂರು ಸಲ ಆರಲು ಬಿಟ್ಟೆವು. ನಾಲ್ಕನೆಯ ಸಲ ಕಾದಿರುವಾಗಲೇ ಸಂದಿಗೆ ಮೇಣದ ಬತ್ತಿಯನ್ನು ಮುಟ್ಟಿಸಿದೆವು. ಕರಗಿದ ಮೇಣವನ್ನು ಕಬ್ಬಿಣ ಬಾಯಾರಿದಂತೆ ಒಳಗೆ ಎಳೆದುಕೊಂಡಿತು. ಬೆಣೆಗೆ ಬಿದ್ದ ಏಟಿನ ಸದ್ದು ಬದಲಾದದ್ದು ಮೊದಲು ಕೇಳಿಸಿತು ಕಟ್ಟೆಯ ಮೇಲಿದ್ದ ಕಂಬಾರ ಕಾಕಾರಿಗೆ. ಅಲ್ಲಿಂದಲೇ "ಬಂತು" ಎಂದರು. ಎರಡು ಏಟಿನ ನಂತರ ಕೀಲು ಕಣ್ಣಿಗೆ ಕಾಣುವಷ್ಟು ಹೊರಬಂದಿತ್ತು. ಸಂಜೆಯೊಳಗೆ ಗಾಲಿ ಅಚ್ಚನ್ನು ಬಿಟ್ಟು ಗೋಡೆಗೆ ಆನಿಕೊಂಡು ನಿಂತಿತು.

ಇಷ್ಟಾದರೂ ಅಚ್ಚು ತಿರುಗಲಿಲ್ಲ. ಇದು ವಿಚಿತ್ರವಾಗಿತ್ತು. ಅಚ್ಚು ಕೂಡುವ ಬುಶ್ಶುಗಳಿಗೆ ಮೇಲಿನ ರಂಧ್ರದಿಂದ ಹಾಕಿದ ಎಣ್ಣೆ ಎರಡೂ ಬದಿಯಿಂದ ಸೋರುತ್ತಿತ್ತು. ಎಣ್ಣೆ ಹಾಯುವಲ್ಲಿ ತುಕ್ಕಿನ ಹಿಡಿತವಿರಲಾರದು. ಹಿಡಿದಿದ್ದ ಜಾಗ ಒಳಗೆ, ಹಲ್ಲುಗಾಲಿಗಳ ಮೇಲಿನ ಬೀಡಿನ ಮುಚ್ಚಳದ ಕೆಳಗೆ ಇತ್ತು. ಆ ಮುಚ್ಚಳದ ನಾಲ್ಕು ತಿರುಪುಗಳನ್ನು ಬಿಡಿಸಲು ಇನ್ನೂ ಎರಡು ದಿನ ಹಿಡಿಯಿತು. ಅದರ ಕಥೆ ಮೇಲಿನದರಂತೆಯೇ, ಮತ್ತೆ ಹೇಳುವುದಿಲ್ಲ. ಮುಚ್ಚಳ ಎತ್ತಿದಾಗ ಮೊದಲು ಕಂಡದ್ದು ಇಲಿಯ ಗೂಡು, ಅದರ ಕೆಳಗೆ ಕಪ್ಪು ಅರಗಿನಂತೆ ಗಟ್ಟಿಯಾದ ಗ್ರೀಸು. ಚಾಕುವಿನಿಂದ ಅದನ್ನು ಕೆತ್ತಿ ತೆಗೆದಂತೆ ಹಲ್ಲುಗಳು ಹೊಸದರಂತೆ ಬೆಳ್ಳಗೆ ಹೊಳೆದವು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಹಲ್ಲುಗಾಲಿಗೂ ಚೌಕಟ್ಟಿಗೂ ನಡುವೆ ಒಂದು ಕಬ್ಬಿಣದ ತುಂಡು ಸಿಕ್ಕಿಕೊಂಡಿತ್ತು.

ಸಿಕ್ಕಿಕೊಂಡದ್ದಲ್ಲ. ಅದು ಹಳೆಯ ನೇಗಿಲ ಕುಳದ ತುದಿ. ಒಂದು ಕಡೆ ಬೆಣೆಯಂತೆ ಮಸೆದಿತ್ತು, ಇನ್ನೊಂದು ಕಡೆ ಸುತ್ತಿಗೆಯ ಏಟಿಗೆ ಅಣಬೆಯಂತೆ ಅರಳಿತ್ತು. ಯಾರೋ ಅಳತೆ ನೋಡಿ, ಮಸೆದು, ಬಡಿದು ಕೂಡಿಸಿ, ಮೇಲೆ ಡಬ್ಬಿ ತುಂಬ ಗ್ರೀಸು ಸುರಿದು, ಮುಚ್ಚಳ ಹಾಕಿದ್ದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹದಿನಾರು ದಿನಗಳಲ್ಲಿ ಅವಳು ಯಂತ್ರದ ಹತ್ತಿರ ಬಂದದ್ದು ಅದೇ ಮೊದಲು.

"ನಿಮ್ಮಪ್ಪಾರ ಬಡದಾರ ಅದನ್ನ. ನಾ ಮಿರಜಿಂದ ಬಂದ ಮರುದಿನಾ ರಾತ್ರಿ. ಕಂದೀಲ ನಾನ ಹಿಡದಿದ್ದೆ, ಈ ಎಡಗೈಲೆ."

"ಮತ್ತ ಹೇಳಲಿಲ್ಲಲ್ಲ ಯವ್ವಾ?"

"ಯಾರೂ ಕೇಳಲಿಲ್ಲ. ಮಾರ್ರಿ ಅಂದೆ ನಾನು. ಮಾರಿದ್ರ ಬ್ಯಾರೆಯವರ ಮನಿಗೆ ಹೋಗತದಲ್ಲ, ಅಲ್ಲೂ ಒಬ್ಬಾಕಿ ಇರತಾಳಲ್ಲ ಅಂದ್ರು. ಒಡೀರಿ ಅಂದೆ. ಒಡಿಯಾಕ ಮನಸಾಗಲಿಲ್ಲ ಅವರಿಗೆ. ನಮ್ಮ ಮದುವಿ ವರ್ಷ ತಂದದ್ದು ಅದು."

ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಮ್ಯಾಲಿಂದ ಬಡೀಬ್ಯಾಡ್ರಿ, ಇನ್ನೂ ಕೂಡತದ. ಕೆಳಗಿಂದ ಎಬ್ಬಸ್ರಿ," ಎಂದಳು.

ಕೆಳಗಿನಿಂದ ಹಿತ್ತಾಳೆಯ ಸಲಾಕೆ ಇಟ್ಟು ಎಬ್ಬಿಸಿದೆವು. ಗ್ರೀಸಿನಲ್ಲಿ ಮುಳುಗಿದ್ದರಿಂದ ಅದಕ್ಕೆ ಎಣ್ಣೆಯೂ ಬೇಡವಾಯಿತು, ಬೆಂಕಿಯೂ ಬೇಡವಾಯಿತು. ಏಳೆಂಟು ಏಟಿಗೆ ಮೇಲೆ ಬಂತು. ಹಿರಿಯವನು ಅಚ್ಚಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದ. ಉರುಳೆಗಳು ಸದ್ದಿಲ್ಲದೆ ತಿರುಗಿದವು. ಯಾರೂ ಮಾತನಾಡಲಿಲ್ಲ. ಅಪ್ಪನ ಬಗ್ಗೆ ನಮಗಿದ್ದ ನೆನಪುಗಳಲ್ಲಿ ಅವರು ಆ ಗಾಲಿಯತ್ತ ಬೆನ್ನು ಮಾಡಿ ಕೂತು ಹಗ್ಗ ಹೊಸೆಯುವ ನೆನಪೇ ಹೆಚ್ಚು. ವರ್ಷಕ್ಕೊಮ್ಮೆ, ಬನ್ನಿಹಬ್ಬದಲ್ಲಿ ಆಯುಧಗಳಿಗೆ ಪೂಜೆ ಮಾಡುವಾಗ, ಎಲ್ಲದಕ್ಕೂ ವಿಭೂತಿ ಹಚ್ಚಿ ಅದಕ್ಕೂ ಹಚ್ಚುತ್ತಿದ್ದರು. ಬುಶ್ಶಿನ ರಂಧ್ರಗಳಿಗೆ ಎರಡು ಹನಿ ಎಣ್ಣೆ ಬಿಡುತ್ತಿದ್ದದ್ದೂ ಅದೇ ದಿನವಿರಬೇಕು.

ಇನ್ನುಳಿದ ಕೆಲಸ ಬೇಗ ಸಾಗಿತು. ಸಣ್ಣ ನಟ್ಟು, ವಾಯಸರಗಳನ್ನು ಕಾಕಂಬಿಯಲ್ಲಿ ನೆನೆಹಾಕಿದೆವು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ವಾಸನೆ ತಡೆಯುವುದು ಕಷ್ಟ, ಎರಡು ಮೂರು ವಾರ ಬೇಕು, ಆದರೆ ತುಕ್ಕನ್ನು ಮಾತ್ರ ತಿಂದು ಲೋಹವನ್ನು ಬಹುಪಾಲು ಉಳಿಸುತ್ತದೆ. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿರುವ ನಮಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ತೊಳೆದ ಮೇಲೆ ಕೂಡಲೇ ಒರೆಸಿ ಎಣ್ಣೆ ಹಚ್ಚದಿದ್ದರೆ ಒಂದು ಗಂಟೆಯಲ್ಲಿ ಮತ್ತೆ ಕೆಂಪಾಗುತ್ತದೆಂಬುದನ್ನು ನೆನಪಿಡಬೇಕು. ಹಿಂದಿನ ಬುಶ್ ಒಂದು ಬದಿಗೆ ಸವೆದು ಮೊಟ್ಟೆಯಾಕಾರವಾಗಿದೆ. ಅದನ್ನು ಮಿರಜದಲ್ಲಿ ಹೊಸದಾಗಿ ಕಡೆಸಬೇಕು.

ಕತ್ತರಿಸಲು ಬಳಸುವುದೋ ಬೇಡವೋ ಎಂಬ ಮಾತು ಮತ್ತೆ ಬಂತು. ಕಿರಿಯವನು, ಒಡೆಯಬೇಕೆಂದವನೇ, ಈಗ ಬಳಸಬೇಕೆಂದ. ಹಿರಿಯವನು ಬೇಡವೆಂದ. ಅವ್ವ ನಡುವೆ ಬಂದು ದೋಣಿ ತರಲು ಹೇಳಿದಳು. ಹಳೆಯ ಕಟ್ಟಿಗೆಯ ದೋಣಿ ಎರಡಡಿಯೂ ಇರಲಿಲ್ಲ, ಮೇಲೆ ಬಯಲು. ಉರುಳೆಯ ಬಾಯಿಯಿಂದ ತನ್ನ ಬಲಗೈಯನ್ನು, ಮೂರು ಬೆರಳಿನ ಕೈಯನ್ನು, ಉದ್ದಕ್ಕೆ ಚಾಚಿ ಹೆಗಲಿನ ತನಕ ಅಳೆದಳು. ಅಷ್ಟು ಉದ್ದ ದೋಣಿ ಬೇಕು, ಅದರ ಮೇಲೆ ತಗಡಿನ ಮುಚ್ಚಳ ಬೇಕು ಎಂದಳು. ವೆಲ್ಡಿಂಗಿನ ಹುಡುಗ ಮುಚ್ಚಳ ಒಂದು ಮೊಳ ಸಾಕು ಅಜ್ಜಿ, ಮಾರಾಟಕ್ಕೆ ಬರುವ ಯಂತ್ರಗಳಿಗೂ ಅಷ್ಟೇ ಇರುತ್ತದೆ ಎಂದ.

"ನಿನ್ನ ಮೊಳಾನೋ ನನ್ನ ಮೊಳಾನೋ?" ಎಂದಳು ಅವ್ವ. "ಎರಡು ಮೊಳಾ ಹಾಕು."

ಎರಡು ಮೊಳವೇ ಹಾಕಿದ್ದಾನೆ. ಅಷ್ಟುದ್ದದ ಮುಚ್ಚಳದೊಳಗೆ ಪೆಂಡಿ ತಳ್ಳುವುದು ತುಸು ತ್ರಾಸು, ಕವೆಗೋಲಿನಿಂದ ತಳ್ಳಬೇಕಾಗುತ್ತದೆ. ಮೋಟರು ಹಚ್ಚುವುದಿಲ್ಲವೆಂದು ಮೂವರೂ ಒಪ್ಪಿದ್ದೇವೆ. ಹಗಲು ಮಾತ್ರ ಕೆಲಸ, ಮಕ್ಕಳು ಹತ್ತಿರ ಬರುವಂತಿಲ್ಲ. ಗಾಲಿಯ ಅರೆಯಲ್ಲಿ ಒಂದು ರಂಧ್ರ ಕೊರೆಸಿ, ಕೆಲಸವಿಲ್ಲದಾಗ ಚೌಕಟ್ಟಿಗೆ ಕೂಡಿಸಿ ಬೀಗ ಹಾಕುವ ಏರ್ಪಾಡು ಆಗಿದೆ. ಅಲಗುಗಳನ್ನು ಮಸೆಸಿ, ಎಣ್ಣೆಯ ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇವೆ. ಬುಶ್ ಬಂದ ಮೇಲೆ ಕೂಡಿಸುವುದು.

ನೇಗಿಲ ಕುಳದ ಆ ತುಂಡನ್ನು ಅವ್ವ ತೊಳೆದು ಒರೆಸಿ ಅಡುಗೆಮನೆಗೆ ಒಯ್ದಳು. ಅಲ್ಲಿನ ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ. ಈಗ ಅದನ್ನೇ ಒತ್ತು ಇಡುತ್ತಾಳೆ.